ಬಾಗಿಲು ತಟ್ಟಿದರೆ ತಣ್ಣೀರು

ಹನ್ನೊಂದು ತಿಂಗಳ ಮಗಳನ್ನು ಎತ್ತಿಕೊಳ್ಳುವಾಗ ನೋಯುವ ಸೊಂಟ ಕೈಕೊಟ್ಟು ಮಗು ಎಲ್ಲಿ ಜಾರಿಬಿಡುತ್ತದೋ ಎಂಬ ಚಿಂತೆ ಅವಳ ತಲೆಯಲ್ಲಿ ಠಿಕಾಣಿ ಹೂಡಿ ಐದು ವಾರವಾಗಿತ್ತು. ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಮಗುವೋ ಈಗೀಗ ಅಜ್ಜಿಯ ಕಡೆಗೇ ಕೈಚಾಚುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಏನು ಹೇಳಿಬಿಡುತ್ತಾರೋ ಎಂಬ ಭಯ ಬೇರೆ! ಸರಿ, ಮೊಬೈಲ್ ನೋಡಿಕೊಂಡು ಬಸ್ಕಿ ಶುರು ಮಾಡಿದಳು. ಸೊಂಟದ ಜೊತೆ ತೊಡೆಯೂ ಹಿಡಿದುಕೊಂಡಿತು. ಅದಕ್ಕೂ ಮೊಬೈಲಿನಲ್ಲೇ ಮದ್ದು ಸಿಕ್ಕಿತು: ಮೂರು ನಿಮಿಷ ಬಿಸಿನೀರಿನ ಶವರ್, ಒಂದು ನಿಮಿಷ ತಣ್ಣೀರು, ಹೀಗೆ ನಾಲ್ಕು ಸುತ್ತು.

“ಅತ್ತೆ, ಇವತ್ತಿಂದ ನಂದು ಉಕ್ಕಿನ ಸೊಂಟ!”

“ಉಕ್ಕಿಗೆ ನೀರು ಬಿದ್ರೆ ತುಕ್ಕು ಹಿಡಿಯುತ್ತಮ್ಮ,” ಎಂದರು ಅತ್ತೆ.

ಫೋನ್ ಬಚ್ಚಲೊಳಗೆ ಒಯ್ದರೆ ನೆನೆದೀತು. ತಣ್ಣೀರಿಗೆ ಎದೆಯೇ ನಿಂತುಬಿಟ್ಟರೆ? ಅದಕ್ಕೇ ಅತ್ತೆಯನ್ನು ಗಡಿಯಾರ ಕೊಟ್ಟು ಬಾಗಿಲ ಹೊರಗೆ ಕೂರಿಸಿದಳು. ಅವರು ತಟ್ಟಿದಾಗಲೆಲ್ಲ ಇವಳು ನಲ್ಲಿ ತಿರುಗಿಸಬೇಕು. ಇದು ಒಪ್ಪಂದ.

ಢಬ್! ತಣ್ಣೀರು. ಜೀವ ಬಾಯಿಗೆ ಬಂತು! ಒಳಗೆ ಹೋದ ಉಸಿರು ಹೊರಗೆ ಬರುವುದನ್ನೇ ಮರೆಯಿತು. ಅಷ್ಟರಲ್ಲೇ ಮತ್ತೆ ಢಬ್! ಬಿಸಿ. ಅಬ್ಬಾ ಎನ್ನುವಷ್ಟರಲ್ಲಿ ಢಬ್! ತಣ್ಣೀರು. ಢಬ್ ಢಬ್! ಬಿಸಿ, ತಣ್ಣೀರು! ಎಡಭುಜ ಬೆಂದಿತು, ಬಲಭುಜ ಹೆಪ್ಪುಗಟ್ಟಿತು, ಹಲ್ಲು ಕಟಕಟ ತಾಳ ಹಾಕಿತು.

“ಅತ್ತೇ! ಗಡಿಯಾರಕ್ಕೆ ಹುಚ್ಚು ಹಿಡಿದಿದ್ಯಾ?”

ಢಬ್ ಢಬ್ ಢಬ್!

ಅಯ್ಯಯ್ಯೋ, ಅತ್ತೆಗೇ ಏನೋ ಆಗಿದೆ! ಬಿದ್ದುಬಿಟ್ಟು ಬಾಗಿಲು ಬಡಿಯುತ್ತಿದ್ದಾರೆ! ಒದ್ದೆ ಮೈಗೇ ನೈಟಿ ತೂರಿಸಿಕೊಂಡು ಬಾಗಿಲು ತೆರೆದರೆ, ಎದುರಿಗೆ ಮಗಳು ಕೂತಿದ್ದಾಳೆ. ಕೈಯಲ್ಲಿ ಸೌಟು!

ಅಡುಗೆಮನೆಯಿಂದ ಅತ್ತೆ ಇಣುಕಿದರು. “ಹಾಲು ಉಕ್ತಿತ್ತು ಕಣಮ್ಮ. ಮಗು ಹೇಗೂ ತಟ್ತಿತ್ತಲ್ಲ, ಅದಕ್ಕೇ ವಹಿಸಿ ಬಂದೆ.”

ಬೈಯಲು ಬಾಯಿ ತೆರೆದಳು. ಆಗ ಮಗಳು ಸೌಟು ಬಿಸಾಡಿ ಎರಡೂ ಕೈ ಚಾಚಿದಳು. ಅಜ್ಜಿಗಲ್ಲ, ಅಮ್ಮನಿಗೆ! ತಾಯಿಕರುಳು ತಡೆದೀತೇ? ಗಬಕ್ಕನೆ ಬಗ್ಗಿದಳು.

ಕಳಕ್!

ಸೊಂಟ ಅರ್ಧದಾರಿಯಲ್ಲೇ ನಿಂತಿತು. ಮಗಳು ಅವಳ ಒದ್ದೆ ಜಡೆ ಹಿಡಿದು ಜೋತಾಡುತ್ತಾ ಕೇಕೆ ಹಾಕಿದಳು.

“ಅತ್ತೇ... ಫೋನು...”

“ಇನ್ನೂ ಏನು ನೋಡೋದಿದೆಯಮ್ಮ ಅದ್ರಲ್ಲಿ?”

“ನೋಡೋಕಲ್ಲ ಅತ್ತೆ, ಡಾಕ್ಟ್ರಿಗೆ!”

ಅತ್ತೆ ನಂಬರ್ ಒತ್ತಿ, ಫೋನನ್ನು ಸೊಸೆಯ ಕಿವಿಗೆ ಹಿಡಿಯಲು ತಾವೂ ಬಗ್ಗಿದರು.

“ಎಷ್ಟು ದಿನದಿಂದ ನೋವು?” ಡಾಕ್ಟರು ಕೇಳಿದರು.

“ಐದು ವಾರ.”

“ಇಷ್ಟು ದಿನ ಏನ್ಮಾಡ್ತಿದ್ರಿ?”

“ಹೆದರ್ಕೊಳ್ತಿದ್ದೆ ಡಾಕ್ಟ್ರೇ.”

“ಸರಿ, ಮಾತು ಸರಿಯಾಗಿ ಕೇಳಿಸ್ತಿಲ್ಲ, ಮೊದಲು ಎದ್ದು ನಿಂತ್ಕೊಂಡು ಮಾತಾಡಿ.”

“ನಿಂತೇ ಇದೀನಿ ಡಾಕ್ಟ್ರೇ! ಹತ್ತೂ ಕಾಲ್ಬೆರಳು ಚೆನ್ನಾಗಿ ಕಾಣಿಸ್ತಿವೆ!”