ನವೆಂಬರಿನಲ್ಲಿ ಜೀವಂತವಿರುವ ಕ್ರಮ

ಪಿಂಚಣಿದಾರನ ಬದುಕಿನಲ್ಲಿ ಇಂಥ ಪ್ರಸಂಗಗಳು ಆಕಸ್ಮಿಕವಲ್ಲ. ವೇಳಾಪಟ್ಟಿ ಹಾಕಿದಂತೆ ಪ್ರತಿ ನವೆಂಬರಿನಲ್ಲಿ ಬರುತ್ತವೆ. ಹಾನಗಲ್ಲಿನ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ಈಗ ಸವಣೂರಿನಲ್ಲಿ ನೆಲೆಸಿದ್ದೇನೆ. ಉಳಿದ ತಿಂಗಳುಗಳಲ್ಲಿ ನಾನು ಬದುಕಿರುವ ಬಗ್ಗೆ ಯಾರಿಗೂ ಅನುಮಾನವಿಲ್ಲ. ನವೆಂಬರಿನಲ್ಲಿ ಮಾತ್ರ ಬ್ಯಾಂಕಿಗೆ ಹೋಗಿ ಅದನ್ನು ರುಜುವಾತುಪಡಿಸಬೇಕು. ತಿಂಗಳೊಳಗೆ ಜೀವಂತ ಪ್ರಮಾಣಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಮನೆಯ ಬಾಡಿಗೆ, ಕಿರಾಣಿ, ಹೆಂಡತಿಯ ಗುಳಿಗೆ, ಎಲ್ಲವೂ ಅದನ್ನೇ ನಂಬಿವೆ. ಕಳೆದ ವರ್ಷ ಈ ಕೆಲಸ ಸುಲಭವಾಗಿ ಮುಗಿಯಲಿಲ್ಲ.

೧. ಹೆಬ್ಬೆರಳು

ಬ್ಯಾಂಕಿನ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡೊಡನೆ ಕುರ್ಚಿಯಿಂದ ಎದ್ದು ನಿಂತ. ಅದು ಸರಿಯಾದ ಕ್ರಮ. ಹೆಬ್ಬೆರಳನ್ನು ಯಂತ್ರದ ಮೇಲಿಟ್ಟೆ. ಒಪ್ಪಲಿಲ್ಲ. ಒರೆಸಿ ಇಟ್ಟೆ. ಒಪ್ಪಲಿಲ್ಲ. ಉಳಿದ ಬೆರಳುಗಳ ಫಲಿತಾಂಶವೂ ಅಷ್ಟೇ: ಅನುತ್ತೀರ್ಣ.

“ಸರ್, ಬೆರಳಿನ ಗೆರಿ ಸವದು ಹೋಗ್ಯಾವ್ರಿ.”

“ಸವಿಯಾಕ ನಾ ಏನ್ ಕಲ್ಲು ಒಡದೇನೇನು?”

“ಇಲ್ರಿ ಸರ್, ಕಿವಿ ಹಿಂಡೀರಿ,” ಎಂದು ಅವನು ತನ್ನ ಎಡಗಿವಿಯನ್ನು ಮುಟ್ಟಿಕೊಂಡ. “ಅದರಾಗ ನಂದೂ ಪಾಲೈತ್ರಿ.”

೨. ಹಾರ

ಈ ಸಂಗತಿಯನ್ನು ಪಕ್ಕದ ಮನೆಯ ಸಾಹೇಬರಿಗೆ ಹೇಳಿದೆ. ಅವರದು ಎಲೆಬಳ್ಳಿಯ ತೋಟ. ಮರುದಿನ ಎಲೆ ಮಾರಲು ಹಿರೇಕೆರೂರಿಗೆ ಹೋದವರು, ಅಲ್ಲಿ ಸಿಕ್ಕ ನಮ್ಮ ಬೀಗರಿಗೆ, “ಮಾಸ್ತರರ ಪಿಂಚಣಿ ನಿಂತತಂತ್ರಿ,” ಎಂದಷ್ಟೇ ಹೇಳಿ ಸಂತೆಗೆ ನಡೆದರು.

ಅದರ ಮರುದಿನ ಬೆಳಗಿನ ಬಸ್ಸಿಗೆ ಬೀಗರೂ ಬೀಗತಿಯೂ ಬಂದಿಳಿದರು. ಬೀಗತಿಯವರು ಬಾಯಿಗೆ ಸೆರಗು ಹಿಡಿದು ಅಂಗಳದಿಂದಲೇ ಅಳು ತೆಗೆದರು. ಬಾಗಿಲು ತೆರೆದವನು ನಾನೇ. ಅಳು ಅರ್ಧಕ್ಕೆ ನಿಂತಿತು.

“ಮನುಷ್ಯಾ ಹೋಗದ ಪಿಂಚಣಿ ನಿಂತದ್ದು ಎಲ್ಲೆರ ಕೇಳೀರೇನ್ರಿ?” ಎಂದು ಬೀಗರು ನನ್ನನ್ನೇ ಆಕ್ಷೇಪಿಸಿದರು.

“ಫೋನ್ ಮಾಡಿ ಕೇಳಬೇಕಿತ್ತು,” ಎಂದೆ.

“ಹೆಂಗ ಕೇಳೂದ್ರಿ? ಎತ್ತಿದವರು ನೀವ ಆಗಿದ್ರ?”

ಅವರ ಚೀಲದಲ್ಲಿ ದಪ್ಪನೆಯ ಸೇವಂತಿಗೆ ಹಾರವಿತ್ತು. ತಂದ ಹಾರವನ್ನು ತಿರುಗಿ ಒಯ್ಯಬಾರದೆಂದು ಬೀಗತಿಯವರು ಹಟ ಹಿಡಿದರು. “ಹಂಗಾರ ಸತ್ಕಾರನರ ಮಾಡೂಣು, ಕುಂದರ್ರಿ,” ಎಂದು ಬೀಗರು ಅದನ್ನು ನನ್ನ ಕೊರಳಿಗೆ ಹಾಕಿದರು. ಹೆಂಡತಿ ಎಲ್ಲರಿಗೂ ಉಪ್ಪಿಟ್ಟು ಕೊಟ್ಟಳು.

ಸಾಮಾನ್ಯವಾಗಿ ಅಂಥ ಹಾರ ಹಾಕಿಸಿಕೊಂಡವರು ಉಪ್ಪಿಟ್ಟು ಕೇಳುವುದಿಲ್ಲ. ನಾನು ಎರಡನೆಯ ಸಲವೂ ಕೇಳಿದೆ.

೩. ಮುಖ

ತಿಂಗಳ ಕೊನೆಯ ದಿನ. ಬೆರಳು ಒಪ್ಪದಿದ್ದರೆ ಮುಖ ಸಾಕೆಂದು ಗುಮಾಸ್ತ ಕರೆಸಿದ್ದ. ಹೆಂಡತಿಯೂ ಜೊತೆಗೆ ಬಂದಳು. ಅವನು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ನಾನು ನೆಟ್ಟಗೆ ನಿಂತು ಅದನ್ನು ದಿಟ್ಟಿಸಿದೆ.

“ಕಣ್ಣು ಮಿಟುಕಿಸ್ರಿ ಸರ್.”

ಮಿಟುಕಿಸಿದೆ. ಮೊಬೈಲು ಒಪ್ಪಲಿಲ್ಲ. ಗುಮಾಸ್ತ ಪರದೆಯನ್ನು ಓದಿ ತಲೆ ತಗ್ಗಿಸಿದ.

“ಏನಂತೈತಿ? ಹೇಳು.”

“ಫೋಟೊ ಹಿಡೀಬ್ಯಾಡ್ರಿ, ಜೀವಂತ ಮನುಷ್ಯಾನ್ನ ನಿಂದರಸ್ರಿ ಅಂತೈತ್ರಿ.”

“ಅದರದೇನ್ ತಪ್ಪೈತಿ?” ಎಂದಳು ಹೆಂಡತಿ. “ಲಗ್ನದಾಗ ಅಕ್ಕಿಕಾಳು ಹಾಕೂಮುಂದ ನನಗೂ ಹಂಗ ಅನಿಸಿತ್ತು.”

“ಸರ್, ಒಂಚೂರು ನಗ್ರಿ,” ಎಂದ ಗುಮಾಸ್ತ.

“ಯಾಕ?” ಎಂದೆ.

“ಅದೊಂದು ಬ್ಯಾಡಪಾ,” ಎಂದಳು ಹೆಂಡತಿ. “ಇವರು ನಕ್ರ, ಯಾರೋ ಬ್ಯಾರೆಯವರು ಅಂತ ತಿಳೀತೈತಿ ಅದು.”

ಬ್ಯಾಂಕು ಮುಚ್ಚುವ ಹೊತ್ತು ಹತ್ತಿರವಾಯಿತು. ಮತ್ತೆ ಹಿಡಿದ, ಮತ್ತೆ ಫೋಟೊ. ಹೆಂಡತಿ ಕೈಯಲ್ಲಿದ್ದ ಗುಳಿಗೆಯ ಚೀಟಿಯನ್ನು ಮಡಿಚಿ ಪರ್ಸಿನೊಳಗಿಟ್ಟಳು. ಅದನ್ನು ನಾನು ಕಂಡೆ.

ಆಗ ಊರ ಲೆಕ್ಕ ಬರೆದು ನಿವೃತ್ತನಾದ ಶಿಗ್ಗಾವಿಯ ತಲಾಠಿಯೊಬ್ಬ, ಹಿಂದೆ ನಿಂತಿದ್ದ ಪಿಂಚಣಿದಾರರನ್ನೆಲ್ಲ ದಾಟಿ, ಮೆಲ್ಲನೆ ನನ್ನ ಮಗ್ಗುಲಲ್ಲಿ ನುಸುಳಿ ಕಿಟಕಿಗೆ ಕೈ ಚಾಚಿದ.

“ಏ! ಪಾಳಿ ಎಲ್ಲೈತಿ? ಹಿಂದ ನಡಿ!” ಎಂದು ಗದರಿದೆ.

ನನ್ನ ಹುಬ್ಬು ಏರಿತ್ತು, ಗಲ್ಲ ಅದುರಿತ್ತು, ಕಣ್ಣು ಎಷ್ಟು ಸಲ ಮಿಟುಕಿತೋ ತಿಳಿಯದು. ಗುಮಾಸ್ತ ನನ್ನ ಮುಖಕ್ಕೆ ಹಿಡಿದೇ ಇದ್ದ ಮೊಬೈಲು ಟಣ್ ಎಂದಿತು.

“ಸರ್, ಆತ್ರಿ! ಜೀವಂತ ಅದೀರಂತ!” ಎಂದು ಗುಮಾಸ್ತ ಕೂಗಿದ.

ಹಿಂತಿರುಗಿ ನೋಡಿದೆ. ಪಿಂಚಣಿದಾರರೆಲ್ಲ ಕೈ ಕಟ್ಟಿ ಒಂದೇ ಗೆರೆಯಲ್ಲಿ ನಿಂತಿದ್ದರು. ಬಾಗಿಲು ಕಾಯುವವನೂ ಬಂದೂಕನ್ನು ಗೋಡೆಗೆ ಆನಿಸಿ ಆ ಗೆರೆಯಲ್ಲಿ ಸೇರಿದ್ದ.

ಎಲ್ಲರಿಗಿಂತ ಹಿಂದಿನಿಂದ ತಲಾಠಿ ಕೈ ಎತ್ತಿ, ನನ್ನ ಅಪ್ಪಣೆ ಸಿಕ್ಕ ಮೇಲೆ ಕೇಳಿದ:

“ಸರ್, ಬರೂ ನವೆಂಬರಕ್ಕ ಎಷ್ಟು ಗಂಟೆಕ್ಕ ಬಂದು ನುಗ್ಗಲ್ರಿ?”