ಗುಲಾಬಿ ಹರಳಿನ ತಜ್ಞ ಸಮಿತಿ

ಟ್ರಾನ್ಸ್‌ಫಾರ್ಮರ್ ಉಸಿರಾಡುತ್ತದೆ. ಅದು ಎಳೆದುಕೊಳ್ಳುವ ಗಾಳಿಯ ತೇವ ಒಳಗಿನ ಎಣ್ಣೆಗೆ ಸೇರದಿರಲೆಂದು ಪಕ್ಕದಲ್ಲಿ ಒಂದು ಗಾಜಿನ ಡಬ್ಬಿ ಇಟ್ಟು, ನೀಲಿ ಹರಳು ತುಂಬಿರುತ್ತಾರೆ. ತೇವ ಕುಡಿದು ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಾಯಿಸಬೇಕು. ನಿಯಮಾವಳಿಯಲ್ಲಿ ಇದಕ್ಕಿರುವುದು ಒಂದೇ ಸಾಲು. ಆ ಸಾಲನ್ನು ಅರ್ಥ ಮಾಡಿಕೊಳ್ಳಲು ವಿದ್ಯುತ್ ಉಪಕರಣಗಳ ಇಲಾಖೆ ಹನ್ನೊಂದು ಜನರ ತಜ್ಞ ಸಮಿತಿಯನ್ನು ರಚಿಸಿತು.

ಇದಕ್ಕೆಲ್ಲ ಕಾರಣ ಇಲಾಖೆಯ ಒಬ್ಬ ಮೆಕ್ಯಾನಿಕ್. ಹೆರಿಗೆ ಆಸ್ಪತ್ರೆಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ಹರಳು ಗುಲಾಬಿಯಾಗಿದೆ, ಒಂದೂವರೆ ಕೆಜಿ ಹೊಸದು ಬೇಕು ಎಂದು ಅವನೇ ಚೀಟಿ ಬರೆದಿದ್ದ. ಆ ತಿಂಗಳು ಅವನ ಮಗಳಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆ. ಆ ಹೊತ್ತಿಗೆ ಸರಿಯಾಗಿ ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೆ ಏನು ಗತಿ ಎಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮೊದಲ ಸಭೆ ಸಾಂಗವಾಗಿ ನಡೆಯಿತು. ಗುಲಾಬಿ ಎಂದರೆ ಎಷ್ಟು ಗುಲಾಬಿ ಎಂದು ನಿಯಮಾವಳಿಯಲ್ಲಿ ಎಲ್ಲೂ ಹೇಳಿಲ್ಲ ಎಂಬುದನ್ನು ಅಧ್ಯಕ್ಷರು ಪತ್ತೆಹಚ್ಚಿದರು, ಚಪ್ಪಾಳೆ ಬಿತ್ತು. ಎರಡನೆಯ ಸಭೆಯಲ್ಲಿ ಗುಲಾಬಿಗೆ ಒಂಬತ್ತು ದರ್ಜೆಗಳಾದವು. ಮೂರನೆಯದಕ್ಕೆ ಬಟ್ಟೆಗೆ ಬಣ್ಣ ಹಾಕುವವರೊಬ್ಬರನ್ನು ವಿಶೇಷ ಆಹ್ವಾನಿತರಾಗಿ ಕರೆಸಲಾಯಿತು.

"ಸಾರ್, ಹರಳು ಕೊಟ್ಬಿಡಿ. ಅರ್ಧ ಗಂಟೆ ಕೆಲಸ," ಎಂದ ಮೆಕ್ಯಾನಿಕ್.

"ಅವಸರ ಮಾಡ್ಬೇಡಪ್ಪಾ," ಎಂದರು ಅಧ್ಯಕ್ಷರು. "ಈಗ್ಲೇ ಬದಲಾಯಿಸಿಬಿಟ್ರೆ ಸಮಿತಿ ಏನನ್ನ ನೋಡ್ಬೇಕು?"

ಅವನು ಸಂಜೆ ಹರಳನ್ನೆಲ್ಲ ಬೇರೊಂದು ಡಬ್ಬಿಗೆ ಸುರಿದುಕೊಂಡು ಮನೆಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಣಲೆಯಲ್ಲಿ ಹುರಿದ. ತೇವ ಆರಿದರೆ ಹರಳು ಮತ್ತೆ ನೀಲಿಯಾಗುತ್ತದೆಂದು ಈ ಕಸುಬಿನವರಿಗೆಲ್ಲ ಗೊತ್ತು. ಸಮಿತಿಯಲ್ಲಿ ಕಸುಬಿನವರು ಇರಲಿಲ್ಲ.

"ಇನ್ಮೇಲೆ ಈ ಬಾಣಲೇಲಿ ಅಡುಗೆ ಮಾಡು ಅಂದ್ರೆ ನೋಡಿ ಮತ್ತೆ," ಎಂದಳು ಹೆಂಡತಿ.

"ಇದು ಇನ್ಮೇಲೆ ಇಲಾಖೇದು ಕಣೇ," ಎಂದ.

ಮರುದಿನ ಸ್ಥಳ ಪರಿಶೀಲನೆಗೆ ಬಂದ ಹನ್ನೊಂದು ಜನಕ್ಕೂ ಟ್ರಾನ್ಸ್‌ಫಾರ್ಮರಿನ ಡಬ್ಬಿಯಲ್ಲಿ ಕಂಡಿದ್ದು ನೀಲಿ. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ಇನ್ನೂ ಒಂಬತ್ತು ಸಭೆ ಬಾಕಿಯಿದ್ದವು, ವಿಷಯವೇ ಮಾಯವಾಗಿತ್ತು. ಸಂಜೆಯೊಳಗೆ ಆದೇಶ ಬಂತು: "ಸಮಿತಿಯ ಪರಿಶೀಲನೆಯಲ್ಲಿರುವ ದೋಷವನ್ನು ಅನುಮತಿಯಿಲ್ಲದೆ ಸರಿಪಡಿಸಿರುವುದು ಗಂಭೀರ ಅಶಿಸ್ತು. ಮೂರು ದಿನದೊಳಗೆ ಸದರಿ ದೋಷವನ್ನು ಪೂರ್ವಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಅಮಾನತು ಮಾಡಲಾಗುವುದು."

ಮೆಕ್ಯಾನಿಕ್ ಆದೇಶವನ್ನು ಎರಡು ಸಲ ಓದಿದ. ಹರಳಿಗೆ ನೀರು ಚಿಮುಕಿಸಿದರೆ ಕೆಲಸ ಉಳಿಯುತ್ತದೆ. ಆದರೆ ಮಗಳು ಆಗಲೇ ಆಸ್ಪತ್ರೆ ಸೇರಿದ್ದಳು. ಮೂರನೆಯ ದಿನ ಅವನು ಒಂದೇ ಒಂದು ಹಿಡಿ ನೀಲಿ ಹರಳನ್ನು ಗಾಜಿನ ಜಾಡಿಗೆ ಹಾಕಿ, ಮುಚ್ಚಳ ತೆಗೆದು, ಸಭೆಯ ಮೇಜಿನ ನಡುವೆ ಇಟ್ಟ.

"ಸಾರ್, ಅಲ್ಲಿ ನಿಮಗೆಲ್ಲಾ ಬಿಸಿಲು. ಇದನ್ನೇ ಟ್ರಾನ್ಸ್‌ಫಾರ್ಮರ್ ಅಂದ್ಕೊಂಡ್ಬಿಡಿ."

ಸದಸ್ಯರು ಮಾತು ಶುರುಮಾಡಿದರು. ಹನ್ನೊಂದು ಬಾಯಿಗಳ ಉಸಿರಿಗೂ ಚಹಾದ ಆವಿಗೂ ಹರಳು ಊಟದ ಹೊತ್ತಿಗೆ ಗುಲಾಬಿಯಾಯಿತು. ಅಧ್ಯಕ್ಷರ ಕಣ್ಣು ತುಂಬಿ ಬಂತು. "ಸದರಿ ಜಾಡಿಯನ್ನು ಟ್ರಾನ್ಸ್‌ಫಾರ್ಮರ್ ಎಂದೇ ಭಾವಿಸತಕ್ಕದ್ದು" ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಅಮಾನತು ಅಲ್ಲಿಗೇ ತಪ್ಪಿ, ಮೆಕ್ಯಾನಿಕ್ ಜಾಡಿಯ ಖಾಯಂ ಪಾಲಕನಾದ. ಆ ವಾರವೇ ಮೊಮ್ಮಗಳು ಹುಟ್ಟಿದಳು, ಕರೆಂಟು ಹೋಗಲಿಲ್ಲ.

ಒಂದೂವರೆ ವರ್ಷದ ಬಳಿಕ, ಹನ್ನೆರಡನೆಯ ಸಭೆಯಲ್ಲಿ ಸಮಿತಿ ವರದಿ ಒಪ್ಪಿಸಿತು: ಹರಳು ಬದಲಾಯಿಸಬೇಕು. ಮಂಜೂರಾದ ಒಂದೂವರೆ ಕೆಜಿ ಹೊಸ ಹರಳು ಹಿಡಿಸುವಂಥ ದೊಡ್ಡ ಜಾಡಿ ತರಿಸಿ, ಭರ್ತಿ ತುಂಬಿ, ಫೋಟೋ ತೆಗೆಸಲಾಯಿತು.

"ಸಾರ್, ಆಸ್ಪತ್ರೆ ಹತ್ರದ್ದು ಮತ್ತೆ ಗುಲಾಬಿಯಾಗಿದೆ," ಎಂದ ಮೆಕ್ಯಾನಿಕ್.

"ಅದು ನಮ್ಮ ವ್ಯಾಪ್ತಿಗೆ ಬರಲ್ಲಪ್ಪಾ. ಬೇಕಿದ್ರೆ ಒಂದು ಚೀಟಿ ಬರಿ."

ಅವನಿಗೂ ಅದು ಸರಿಯೆನಿಸಿತು. ಚೀಟಿ ಬರೆದು ಕೊಟ್ಟು, ಟ್ರಾನ್ಸ್‌ಫಾರ್ಮರಿನ ಹರಳನ್ನು ಡಬ್ಬಿಗೆ ಸುರಿದುಕೊಂಡು ಮನೆಗೆ ಬಂದ. ಹೆಂಡತಿ ಏನೂ ಕೇಳದೆ ಇಲಾಖೆಯ ಬಾಣಲೆಯನ್ನು ಒಲೆಯ ಮೇಲಿಟ್ಟಳು.