ಅತ್ತೆಮನೆಯ ಫ್ರಿಜ್ಜಿನಲ್ಲಿ ಇಟಲಿ

ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲದ ಪದಾರ್ಥದ ರುಚಿಯನ್ನು ಸಂಬಳದ ಮನುಷ್ಯ ನೋಡಬಾರದು ಎಂಬುದು ನನ್ನ ಅಭಿಪ್ರಾಯ. ಅನುಭವ ಎಂದು ಹೇಳುವ ಧೈರ್ಯವಿಲ್ಲ. ಅನುಭವವೆಂದರೆ ನೆನಪು, ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ ಎಲ್ಲವನ್ನೂ ಸಂಶಯಿಸಬೇಕೆಂದು ಕಲಿಸಿದರು. ದೇವರು, ಜಾತಕ, ಹಲ್ಲಿಶಕುನ ಇವನ್ನೆಲ್ಲ ನಾನು ಮೊದಲ ವರ್ಷದಲ್ಲೇ ಮುಗಿಸಿಬಿಟ್ಟೆ. ಆಮೇಲೆ ಸಂಶಯಪಡಲು ಉಳಿದವನು ನಾನೊಬ್ಬನೇ. ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಹೋಗಿ ನೋಡುವವನು ನಾನು. ನೋಡಿಬಂದ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂದು ಅದೇ ತುದಿಯಲ್ಲಿ ಮತ್ತೆ ನಿಲ್ಲುವವನು. ಹೀಗಾಗಿ, ಮುಂದೆ ಹೇಳುವ ಪ್ರಸಂಗದಲ್ಲಿ ಒಂದು ಮುಖ್ಯವಾದ ಮಾತನ್ನು ನಾನು ಆಡಿದೆನೋ ಇಲ್ಲವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆಡಿದಿರಿ ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜ. ಆಡಿದವನಿಗೆ ಆಗಬೇಕಾದಷ್ಟು ನಾಚಿಕೆಯಂತೂ ನನಗೆ ಆಗಿದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾಗಮಂಗಲದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದೆ. ಬೆಂಗಳೂರಿನಲ್ಲಿ ಅಧ್ಯಾಪಕರಿಗೊಂದು ತರಬೇತಿ ಶಿಬಿರ. ಹೋದಾಗ ಹಳೆಯ ಸಹಪಾಠಿಯೊಬ್ಬ ಮನೆಗೆ ಊಟಕ್ಕೆ ಕರೆದ. ಊಟದ ಕೊನೆಗೆ ಅವನು ನನ್ನ ತಟ್ಟೆಗೆ ಒಣಗಿದ ಸುಣ್ಣದ ಹೆಂಟೆಯಂಥ ಒಂದು ಚೂರು ಹಾಕಿದ. ಇಟಲಿಯ ಗಟ್ಟಿ ಚೀಸಂತೆ, ಪರ್ಮೆಸಾನ್ ಅಂತ ಹೆಸರಂತೆ, ವರ್ಷಗಟ್ಟಲೆ ಹಲಗೆಯ ಮೇಲೆ ಇಟ್ಟು ಮಾಗಿಸುತ್ತಾರಂತೆ. ಮೂಗಿನ ಹತ್ತಿರ ಬಂದಾಗ, ಇದನ್ನು ತಿನ್ನುವುದು ಸ್ನೇಹಕ್ಕಾಗಿ ಮಾತ್ರ ಅಂದುಕೊಂಡೆ. ಬಾಯಿಗೆ ಬಿದ್ದ ಮೇಲೆ ಸ್ನೇಹ ಮರೆತುಹೋಯಿತು. ಮೊದಲು ಉಪ್ಪು, ಅದರ ಹಿಂದೆ ಹುರಿದ ಕಡಲೆಕಾಯಿ, ಅದರ ಹಿಂದೆ ಬೆಣ್ಣೆ ಕಾಯಿಸಿದ ಪಾತ್ರೆಯ ತಳದಲ್ಲಿ ಕೆಂಪಗೆ ಉಳಿಯುವ ಗಸಿ. ನಡುನಡುವೆ ಹಲ್ಲಿಗೆ ಸಕ್ಕರೆ ಹರಳಿನಂಥದ್ದು ಏನೋ ಕಟಕ್ಕೆನ್ನುತ್ತಿತ್ತು. ಶಿಬಿರದಲ್ಲಿ ಏನು ಕಲಿಸಿದರೋ ಒಂದೂ ನೆನಪಿಲ್ಲ, ಆ ಕಟಕ್ಕೆಂಬ ಸದ್ದು ನೆನಪಿದೆ.

ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಅಂಗಡಿಯಲ್ಲಿ ಅದು ಸಿಗುತ್ತದೆ ಎಂದು ಗೆಳೆಯ ಹೇಳಿದ. ಹೋಗಿ ಬೆಲೆ ಕೇಳಿ, ಕೇಳಲೇ ಇಲ್ಲವೇನೋ ಎಂಬಂತೆ ಹೊರಗೆ ಬಂದೆ. ಆದರೆ ಚಪಲ ಇದ್ದವನಿಗೆ ದಾರಿ ಕಾಣುತ್ತದೆ. ದೊಡ್ಡ ಚಕ್ರದಿಂದ ತುಂಡು ಕುಯ್ದುಕೊಟ್ಟ ಮೇಲೆ ಮೂಲೆಯ ಚೂರು, ತೊಗಟೆಗೆ ಅಂಟಿಕೊಂಡ ಭಾಗ ಉಳಿಯುತ್ತವೆ. ಅವನ್ನು ಅಂಗಡಿಯವನು ಕಾಗದದಲ್ಲಿ ಸುತ್ತಿ ಅಗ್ಗಕ್ಕೆ ಕೊಡುತ್ತಿದ್ದ. ಡಬ್ಬಿಯಲ್ಲಿ ಬರುವ ಪುಡಿ ಮಾತ್ರ ಮುಟ್ಟಬೇಡಿ, ಅದರಲ್ಲಿ ರುಚಿಯೇ ಇರುವುದಿಲ್ಲ ಎಂದು ಎಚ್ಚರಿಕೆಯನ್ನೂ ಹೇಳಿದ. ಬೆಂಗಳೂರಿಗೆ ಹೋದಾಗಲೆಲ್ಲ ನಾನು ತೊಗಟೆಯ ಗಿರಾಕಿಯಾದೆ. ಅದನ್ನು ಗಿರಿಜಳ ಕಣ್ಣುತಪ್ಪಿಸಿ ಕುದಿಯುವ ಬಸ್ಸಾರಿಗೆ ಹಾಕಿ, ಬಡಿಸುವ ಮೊದಲು ಸೌಟಿನಿಂದ ಎತ್ತಿಬಿಡುತ್ತಿದ್ದೆ. "ಇವತ್ತು ಸೊಪ್ಪು ಎಷ್ಟು ಚೆನ್ನಾಗಿತ್ತು ನೋಡಿ" ಎಂದು ಅವಳು ಸೊಪ್ಪಿನವಳನ್ನು ಹೊಗಳಿದ್ದಳು. ಈಳಿಗೆಮಣೆಯ ಕಾಯಿ ತುರಿಯುವ ಹಲ್ಲಿನಲ್ಲಿ ಒಂದಿಷ್ಟು ತುರಿದು, ಬಿಸಿ ರಾಗಿರೊಟ್ಟಿಯ ಮೇಲೆ ಉದುರಿಸಿ, ಅದು ಬೆವರುವಾಗ ಮಡಿಚಿ ತಿನ್ನಬೇಕು. ಇಟಲಿಯವರಿಗೆ ರಾಗಿ ಗೊತ್ತಿಲ್ಲದ್ದು ಅವರ ದುರದೃಷ್ಟ.

ಕಷ್ಟ ಇದ್ದದ್ದು ಇಡುವುದರಲ್ಲಿ. ನಾಗಮಂಗಲದ ಬಿಸಿಲಿಗೆ ತೆಂಗಿನಕಾಯಿಯೇ ಬಿರಿಯುತ್ತದೆ, ಇನ್ನು ಚೀಸಿನ ಪಾಡೇನು? ನಮ್ಮ ಬಾಡಿಗೆ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕ ಇಟ್ಟೆ, ಬೂಷ್ಟು ಬಂತು. ಬೂಷ್ಟು ಕೆರೆದು ರಾಗಿ ಡಬ್ಬದೊಳಗೆ ಹೂತೆ, ಎಣ್ಣೆ ಬಿಟ್ಟುಕೊಂಡು ರಾಗಿಗೆಲ್ಲ ವಾಸನೆ ಹತ್ತಿತು. "ಯಾರೋ ಕಾಲುಚೀಲ ತೊಳೆಯದೆ ಬಚ್ಚಿಟ್ಟಿದ್ದಾರೆ" ಎಂದು ಗಿರಿಜ ಮನೆಯೆಲ್ಲ ಹುಡುಕಿ ಕೊನೆಗೆ ನನ್ನ ಇಟಲಿಯನ್ನು ಹಿಡಿದಳು. ಬೈದದ್ದೇನೋ ನಿಜ. ಬೈಯುತ್ತಲೇ ಅವಳು ಒಂದು ಮಾತು ಅಂದಳು: "ಇದನ್ನ ಇಡೋಕೆ ನಮ್ಮಮ್ಮನ ಮನೆ ಫ್ರಿಜ್ಜೇ ಆಗಬೇಕು." ಅವಳು ಅಂದದ್ದು ತಮಾಷೆಗೆ. ನಾನು ಕೇಳಿಸಿಕೊಂಡದ್ದು ತಮಾಷೆಗಲ್ಲ.

ನನ್ನ ಮಾವನ ಮನೆ ಪಾಂಡವಪುರದ ಹತ್ತಿರ, ನಾಲೆಯ ಕೆಳಗಿನ ಊರು. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಹಸು. ಫ್ರಿಜ್ಜು ಅವರ ನಡುಮನೆಯಲ್ಲಿ, ಬಂದವರಿಗೆ ಮೊದಲು ಕಾಣುವ ಜಾಗದಲ್ಲಿ, ಕಸೂತಿ ಬಟ್ಟೆ ಹೊದ್ದು, ತಲೆಯ ಮೇಲೆ ಪ್ಲಾಸ್ಟಿಕ್ ಹೂವು ಮುಡಿದು ನಿಂತಿರುತ್ತಿತ್ತು. ಒಳಗೆ ನೀರಿನ ಬಾಟಲಿ, ಬಾಳೆಲೆಯಲ್ಲಿ ಸುತ್ತಿದ ಕನಕಾಂಬರ, ಹಸುವಿಗೆ ಕೊಡುವ ಇಂಜೆಕ್ಷನ್ನು. ಬೀಗದ ಕೈ ನಮ್ಮತ್ತೆ ನಿಂಗಮ್ಮನವರ ಸೊಂಟದಲ್ಲಿ. ಒಂದು ಭಾನುವಾರ ನಾನು ಸ್ಟೀಲಿನ ಡಬ್ಬಿ ಹಿಡಿದು ಆ ಫ್ರಿಜ್ಜಿನ ಮುಂದೆ ನಿಂತೆ.

"ಏನ್ ಅಳಿದೇವ್ರು ಅದು? ಔಸ್ದೀನಾ?" ಅಂದರು ಅತ್ತೆ.

ನನ್ನ ನೆನಪಿನ ಪ್ರಕಾರ ನಾನು ಎಂಜಲು ನುಂಗಿದೆ, ಅಷ್ಟೆ. ಗಿರಿಜಳ ಪ್ರಕಾರ, "ಹೂಂ ಅತ್ತೆ, ಹೊಟ್ಟೆಗೆ. ವಾರಕ್ಕೊಂದು ಸಲ ತಗೋಬೇಕು" ಎಂದೆ. ಅಂದಿದ್ದರೆ ಯಾಕೆ ಅಂದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಹೊತ್ತಾರೆ, ಸಂಜೆ ಕ್ಯಾನುಗಟ್ಟಲೆ ಹಾಲನ್ನು ಡೈರಿಗೆ ಹಾಕುವ ಮನೆಯಲ್ಲಿ ನಿಂತು, ಇದು ಕೂಡ ಹಾಲೇ, ಇಟಲಿಯದು, ಹಳೆಯದು, ದುಡ್ಡು ಕೊಟ್ಟು ತಂದೆ ಎಂದು ಹೇಳಲು ನಾಲಗೆ ಬರಲಿಲ್ಲ. ಮೇಲಾಗಿ ನನ್ನ ಮದುವೆಯಲ್ಲಿ ದುಂದುವೆಚ್ಚದ ಬಗ್ಗೆ ಮಾವನಿಗೆ ಉಪನ್ಯಾಸ ಕೊಟ್ಟ ಅಳಿಯ ನಾನು. "ನೀನಾದರೂ ನಿಜ ಹೇಳಬಹುದಿತ್ತಲ್ಲ" ಎಂದು ಬಸ್ಸಿನಲ್ಲಿ ಗಿರಿಜಳನ್ನು ಕೇಳಿದೆ. "ವಾರ ವಾರ ತವರಿಗೆ ಬರೋ ಹಾಗಿದ್ರೆ, ಇರಲಿ ಬಿಡಿ ನಿಮಗೊಂದು ಕಾಯಿಲೆ" ಅಂದಳು.

ಹಾಗೆ ನಾನು ರೋಗಿಯಾದೆ. ಭಾನುವಾರ ನಾವು ಹೋದ ತಕ್ಷಣ ಅತ್ತೆ ಫ್ರಿಜ್ಜಿನ ಬೀಗ ತೆಗೆದು, ಡಬ್ಬಿಯನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟು ತರುತ್ತಿದ್ದರು. "ಸುಮ್ಕಿರ್ರಿ, ಅಳಿದೇವ್ರು ಔಸ್ದಿ ತಕ್ಕತಾವ್ರೆ" ಎಂದು ಅಂಗಳದಲ್ಲಿದ್ದವರನ್ನು ಸುಮ್ಮನಾಗಿಸುತ್ತಿದ್ದರು. ಜಗತ್ತಿನ ಅತಿ ರುಚಿಯಾದ ವಸ್ತುವನ್ನು ಬೇವಿನ ಕಷಾಯದ ಮುಖ ಮಾಡಿಕೊಂಡು ತಿನ್ನುವುದು ಎಂಥ ಶಿಕ್ಷೆ ಎಂಬುದು ತಿಂದವನಿಗೇ ಗೊತ್ತು. ನಾನು ಕಣ್ಣು ಮುಚ್ಚಿದರೆ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಕಹಿ ಹೋಗಲೆಂದು ಆಲೆಮನೆಯ ಬೆಲ್ಲದ ಚೂರೊಂದನ್ನು ಅಂಗೈಗೆ ಹಾಕುತ್ತಿದ್ದರು. ಚೀಸಿನ ಮೇಲೆ ಪಾಂಡವಪುರದ ಬೆಲ್ಲ! ಅದರ ರುಚಿಯನ್ನು ವರ್ಣಿಸಲು ನನಗೆ ಇವತ್ತಿಗೂ ನಾಚಿಕೆ. ಪಾಪಕ್ಕೆ ತಕ್ಕ ಪ್ರಾಯಶ್ಚಿತ್ತವೂ ಅಲ್ಲೇ ನಡೆಯುತ್ತಿತ್ತು. ಅಳಿಯ ಬಂದನೆಂದು ನಾಟಿಕೋಳಿ ಕುಯ್ಯುತ್ತಿದ್ದರು, ಸಾರಿನ ವಾಸನೆ ನಾಲೆಯ ತನಕ ಹೋಗುತ್ತಿತ್ತು. ರೋಗಿ ಎಂದು ನನಗೆ ಮಾತ್ರ ಹಾಲನ್ನ. ಎದುರಿಗೆ ಕೂತ ಮಾವ ಮೂಳೆ ಚೀಪುತ್ತ, "ನಿಮ್ಗೆ ಆಗಕಿಲ್ಲ ಬುಡಿ ಮೇಷ್ಟ್ರೇ, ಖಾರ ಜಾಸ್ತಿ" ಎಂದು ಸಮಾಧಾನ ಹೇಳುತ್ತಿದ್ದರು.

ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ಒಂದು ಭಾನುವಾರ ಅತ್ತೆ ಬೆಲ್ಲ ಕೊಡುವಾಗ ಅವರ ಮುಖದಲ್ಲಿ ಏನೋ ಕಡಿಮೆಯಾದಂತೆ ಕಂಡಿತು. ಎಷ್ಟು ಹೊತ್ತು ನೋಡಿದರೂ ಹೊಳೆಯಲಿಲ್ಲ. ಕೊನೆಗೆ ಗೊತ್ತಾಯಿತು, ತುಟಿ ಬೆಳ್ಳಗಿತ್ತು. ನಿಂಗಮ್ಮನವರನ್ನು ಎಲೆಅಡಿಕೆ ಇಲ್ಲದೆ ನಾನು ನೋಡಿಯೇ ಇರಲಿಲ್ಲ. ಮಾತಾಡುವಾಗ, ಹಾಲು ಕರೆಯುವಾಗ, ನಮ್ಮ ಧಾರೆಯ ಹೊತ್ತಿನಲ್ಲಿ ಕೂಡ ಅವರ ಒಂದು ಕೆನ್ನೆ ಉಬ್ಬಿಯೇ ಇರುತ್ತಿತ್ತು. ಈಗ ಅವರ ಎಲೆಚೀಲ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಮಾವನನ್ನು ಜಗುಲಿಗೆ ಕರೆದು ಕೇಳಿದೆ.

"ಅಯ್ಯೋ, ಅದ್ನ ಯಾಕ್ ಕೇಳೀರಿ" ಅಂದರು ಮಾವ. "ನಿಮ್ಗೆ ವಾಸಿ ಆಗೋಗಂಟ ಎಲೆಅಡ್ಕೆ ಬಾಯ್ಗಾಕಕಿಲ್ಲ ಅಂತ ಊರಮ್ಮಂಗೆ ಅರ್ಕೆ ಒತ್ಕಬುಟ್ಟವ್ಳೆ. ಒತ್ತಾರೆ ಎದ್ದೇಟ್ಗೆ ತಲೆನೋವು ಅಂತಾಳೆ, ನನ್ ಮ್ಯಾಲೆ ರೇಗ್ತಾಳೆ, ಅಸೀನ್ ಮ್ಯಾಲೂ ರೇಗ್ತಾಳೆ. ಅಸ ಆಲ್ ಕಮ್ಮಿ ಮಾಡೈತೆ. ಬ್ಯಾಗ ವಾಸಿ ಮಾಡ್ಕಳಿ ಮೇಷ್ಟ್ರೇ, ಕೈ ಮುಗೀತೀನಿ."

ಹರಕೆಗಳನ್ನು ಕುರಿತು ನಾನು ತರಗತಿಯಲ್ಲಿ ಎಷ್ಟು ನಗೆಚಟಾಕಿ ಹಾರಿಸಿದ್ದೆನೋ ಲೆಕ್ಕವಿಲ್ಲ. ಇಲ್ಲಿ ಒಂದು ಜೀವ ತನ್ನ ಬದುಕಿನ ಒಂದೇ ಚಟವನ್ನು ನನ್ನ ಚಪಲದ ಲೆಕ್ಕಕ್ಕೆ ಬಿಟ್ಟು, ತಲೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಕೂತಿತ್ತು. ಗಿರಿಜಳನ್ನೂ ಕರೆದುಕೊಂಡು ನೇರ ಅಡುಗೆಮನೆಗೆ ಹೋದೆ.

"ಅತ್ತೆ, ನನಗೆ ಕಾಯಿಲೆ ಏನೂ ಇಲ್ಲ. ಅದು ಔಷಧಿ ಅಲ್ಲ, ಹಾಲಿನಲ್ಲಿ ಮಾಡಿದ ತಿಂಡಿ. ನಾನು ರುಚಿಗೆ ತಿನ್ನುತ್ತೇನೆ."

ಅತ್ತೆ ನನ್ನನ್ನು ನೋಡಿದರು. ಸೆರಗು ಬಾಯಿಗೆ ಹೋಯಿತು. "ನಾನು ನೊಂದ್ಕತೀನಿ ಅಂತ ಇಂಗಂತೀರಿ ಅಲ್ವಾ?"

"ನಿಜ ಕಣಮ್ಮ" ಎಂದಳು ಗಿರಿಜ.

"ನೀನೂ ಸೇರ್ಕಂಡು ಮುಚ್ಚಿಡ್ತೀಯೇನಮ್ಮಿ? ಎತ್ತ ತಾಯ್ಗೆ!"

ಸಾಕ್ಷ್ಯಕ್ಕಾಗಿ ಡಬ್ಬಿ ತಂದು ಒಂದು ಕಾಳಿನಷ್ಟು ಚೂರನ್ನು ಅವರಿಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡವರು ಬಚ್ಚಲಿಗೆ ಓಡಿದರು. ಮುಕ್ಕಳಿಸಿ ಬಂದು, ಬಾಗಿಲಿಗೆ ಒರಗಿ ನಿಂತು, ಗೋಳೋ ಎಂದು ಅತ್ತರು. "ಈ ನಾತದ್ದನ್ನ ಬುದ್ದಿ ಇರೋ ಯಾವನ್ ರುಚೀಗ್ ತಿಂದಾನು ಏಳಿ? ಔಸ್ದಿ ಅಲ್ದೆ ಇನ್ನೇನ್ ಇದು? ಇಂಥದ್ ತಿನ್ನಬೇಕಾರೆ ನನ್ನಪ್ಪಂಗೆ ಎಂಥಾ ರೋಗ ಬಂದೈತೋ!"

ತರ್ಕಶಾಸ್ತ್ರದ ಮೇಷ್ಟ್ರ ಕೈಯಲ್ಲಿದ್ದ ಸಾಕ್ಷ್ಯವೆಲ್ಲ ಅವರ ಪರವಾಗಿತ್ತು. ಎಲೆಅಡಿಕೆ ಬಿಟ್ಟದ್ದು ಸಾಲದೆಂದು, ವಾಸಿಯಾದರೆ ಅಳಿಯನ ಮುಡಿ ಕೊಡಿಸುತ್ತೇನೆ ಎಂದು ಅಲ್ಲೇ, ಒಲೆಯ ಮುಂದೆಯೇ, ಅವರು ಊರಮ್ಮನಿಗೆ ಇನ್ನೊಂದು ಹರಕೆ ಹೊತ್ತರು. ನಿಜ ಹೇಳಿದ್ದರಿಂದ ನನಗಾದ ಲಾಭ ಇಷ್ಟು.

ಉಳಿದದ್ದು ಒಂದೇ ದಾರಿ, ವಾಸಿಯಾಗುವುದು. ಮುಂದಿನ ಭಾನುವಾರ ಹೋದವನೇ, "ಅತ್ತೆ, ಪೂರ್ತಿ ಗುಣವಾಯಿತು. ಔಷಧಿ ಇನ್ನು ಬೇಡ" ಎಂದು, ಇದ್ದ ಒಂದಿಷ್ಟು ಚೂರನ್ನು ಅವರ ಎದುರೇ ತಿಪ್ಪೆಗೆ ಎಸೆದೆ. ಎಸೆದ ಮೇಲೆ ಬೆರಳು ಮೂಸಿ ನೋಡಿಕೊಂಡೆ. ಅತ್ತೆ ಅದನ್ನು ರೋಗದ ಉಳಿಕೆ ಎಂದು ತಿಳಿದರು. ಗುಣವಾದದ್ದಕ್ಕೆ ಪುರಾವೆಯಾಗಿ ಎಲೆಯ ಮುಂದೆ ಕೂತು ಮುದ್ದೆ ಮುರಿದೆ. ಅಷ್ಟು ವಾರಗಳ ಹಾಲನ್ನದ ಸೇಡನ್ನೆಲ್ಲ ಕೋಳಿಸಾರಿನ ಮೇಲೆ ತೀರಿಸಿಕೊಂಡೆ. "ಇನ್ನೊಂದ್ ಮುದ್ದೆ ಇಕ್ಕಮ್ಮಿ, ನೋಡು, ಎಂಗ್ ಉಣ್ತಾವ್ರೆ!" ಎಂದು ಮಾವ ನನಗಿಂತ ಹೆಚ್ಚು ಬೆವರಿದರು.

ಮುಡಿಯ ಮಾತು ಬಂದಾಗ ನಾನು ಬಾಯಿ ತೆರೆದದ್ದು ನಿಜ. ತತ್ವ, ವಿಚಾರ, ನಾಗಮಂಗಲದ ವಿದ್ಯಾರ್ಥಿಗಳು, ಎಲ್ಲ ನಾಲಗೆಯ ತುದಿಗೆ ಬಂದಿದ್ದವು. ಅತ್ತೆಯ ಬೆಳ್ಳನೆಯ ತುಟಿ ನೋಡಿ ಮುಚ್ಚಿಕೊಂಡೆ. ಮುಡಿ ಒಪ್ಪಿಸದೆ ಹರಕೆ ತೀರುವುದಿಲ್ಲ, ಹರಕೆ ತೀರದೆ ಅವರು ಎಲೆ ಮುಟ್ಟುವುದಿಲ್ಲ. ಊರಮ್ಮನ ಗುಡಿಯ ಮುಂದೆ ನನ್ನ ತಲೆ ನುಣ್ಣಗಾಯಿತು. ಗುಡಿಯ ಮೆಟ್ಟಿಲ ಮೇಲೆಯೇ ಅತ್ತೆ ಎಲೆಚೀಲ ಬಿಚ್ಚಿ, ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಿಚಿ ಕೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆ ಮುಖದ ಸುಖ ನನಗೆ ಗುರುತಿತ್ತು. ನಾನು ಅದನ್ನೇ ಅಷ್ಟು ಭಾನುವಾರ ಮುಚ್ಚಿಟ್ಟಿದ್ದೆ. ನೋಡಲಾರದೆ ತಲೆ ಸವರಿಕೊಳ್ಳುತ್ತ ಪಕ್ಕಕ್ಕೆ ತಿರುಗಿದೆ.

ಕಾಲೇಜಿನಲ್ಲಿ ಏನಾಯಿತೆಂದು ಹೇಳುವುದಿಲ್ಲ. ಆದರೆ ಊರಮ್ಮನ ಹೆಸರು ಕೃಷ್ಣರಾಜಪೇಟೆ, ಕಿಕ್ಕೇರಿಯವರೆಗೂ ಹರಡಿತು. ಇಂಗ್ಲಿಷ್ ಡಾಕ್ಟರರು ಕೈಬಿಟ್ಟಿದ್ದ ಅಳಿಯನನ್ನು ಬದುಕಿಸಿದ ತಾಯಿ. ಒಂದು ಮದುವೆಯಲ್ಲಿ ಅತ್ತೆ ತಮ್ಮ ಕಡೆಯ ಹೆಂಗಸೊಬ್ಬರನ್ನು ನನ್ನ ಹತ್ತಿರ ಕರೆತಂದರು. ಹೊಟ್ಟೆನೋವಿನಿಂದ ನರಳುತ್ತಿದ್ದರಂತೆ. "ಇವ್ರೇ ಕಣಕ್ಕ. ಕಡ್ಡಿ ಆಗೋಗಿದ್ರು. ಈಗ್ ನೋಡು!" ಎಂದರು, ಕೆಂಪು ತುಟಿಯಲ್ಲಿ ನಗುತ್ತ. ಗಿರಿಜ ಪಕ್ಕದಲ್ಲೇ ನಿಂತಿದ್ದಳು.

"ಮೊದಲು ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ" ಎಂದೆ ಆ ಹೆಂಗಸಿಗೆ. ಅಷ್ಟರಮಟ್ಟಿಗೆ ನಾನು ಓದಿದವನು. ಅವರು ತಲೆಯಾಡಿಸಿ, ತುಸು ಬಗ್ಗಿ, ಮೆಲ್ಲಗೆ ಕೇಳಿದರು: "ನಿಮ್ಗೆ ಎಲ್ಲಿ ನೋಯ್ತಿತ್ತು ಸ್ವಾಮಿ?"

ಎಲ್ಲಿಯೂ ನೋಯುತ್ತಿರಲಿಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ನನ್ನ ಕೈ ತಾನಾಗಿ ಎಡಗಡೆಯ ಪಕ್ಕೆಲುಬಿನ ಕೆಳಗೆ ಹೋಗಿ ಒಂದು ಜಾಗವನ್ನು ಒತ್ತಿ ಹಿಡಿದಿತ್ತು. "ಇಲ್ಲಿ" ಎಂದೆ. ಗಿರಿಜ ನನ್ನನ್ನೇ ನೋಡಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ, "ನಾನು ಹಾಗಂದೆನಾ?" ಎಂದು ಅವಳನ್ನು ಕೇಳಲಿಲ್ಲ. ಅಂದದ್ದು ನನಗೆ ಚೆನ್ನಾಗಿ ನೆನಪಿತ್ತು. ನೋವು ಕೂಡ, ಯೋಚಿಸಿದಷ್ಟೂ, ಸ್ವಲ್ಪ ಸ್ವಲ್ಪ ನೆನಪಿಗೆ ಬರುತ್ತಿತ್ತು.